ಮಳೆ ಬಂದರೆ ಡ್ಯಾಶ್‌ಬೋರ್ಡ್ ತುಂಬಾ ದೀಪ, ಸ್ಕ್ಯಾನರ್‌ಗೆ ಇಂಜಿನ್ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಸಿಗುತ್ತಿಲ್ಲ. ಇಸಿಯು ಬದಲಿಸಲೇಬೇಕಾ?

ಮಲೆನಾಡ_ಡೀಸೆಲ್

ನಮಸ್ಕಾರ ಎಲ್ಲರಿಗೂ. ಗಾಡಿ 2019ರ ಡೀಸೆಲ್. ಕೊಪ್ಪ, ಶೃಂಗೇರಿ, ಆಗುಂಬೆ ಕಡೆಯೇ ಓಡಾಟ. ಮಳೆಗಾಲ ಹಿಡಿದ ಮೇಲೆ ಒಂದು ವಿಚಿತ್ರ ಕಾಯಿಲೆ ಅಂಟಿಕೊಂಡಿದೆ. ಓಡಿಸುತ್ತಿರುವಾಗ ಎಬಿಎಸ್, ಸ್ಟೀರಿಂಗ್, ಚೆಕ್ ಇಂಜಿನ್ ದೀಪ ಎಲ್ಲ ಒಟ್ಟಿಗೆ ಹತ್ತುತ್ತವೆ, ಸ್ಪೀಡೋ ಮುಳ್ಳು, ಆರ್‌ಪಿಎಂ ಮುಳ್ಳು ಎರಡೂ ದಡಕ್ಕನೆ ಸೊನ್ನೆಗೆ ಬೀಳುತ್ತವೆ, ಸ್ಟೀರಿಂಗ್ ಬಿಗಿಯಾಗುತ್ತದೆ. ಆದರೆ ಇಂಜಿನ್ ಮಾತ್ರ ಆರಾಮಾಗಿ ಓಡುತ್ತಿರುತ್ತದೆ! ಒಮ್ಮೆ ಆಫ್ ಮಾಡಿದಿರೋ ಮುಗಿಯಿತು. ಸ್ಟಾರ್ಟ್ ಆಗಲ್ಲ, ಕೀ ಚಿತ್ರದ ದೀಪ ಮಿನುಗುತ್ತಾ ಕೂರುತ್ತದೆ. ಒಂದೆರಡು ದಿನ ಬಿಸಿಲು ಬಂದರೆ ತಾನಾಗಿಯೇ ಸರಿ.

ಸರ್ವಿಸ್ ಸೆಂಟರ್‌ನವರು ಸ್ಕ್ಯಾನ್ ಮಾಡಿ ಯು0100, ಯು0121 ಅಂತ ಕೋಡ್ ತೋರಿಸಿದರು. "ಇಂಜಿನ್ ಇಸಿಯು ಜೊತೆ ಸಂಪರ್ಕವೇ ಆಗುತ್ತಿಲ್ಲ ಸರ್, ಇಸಿಯು ಹೋಗಿದೆ" ಅಂತ ಹೇಳಿ ಪ್ರೋಗ್ರಾಮಿಂಗ್ ಸೇರಿ 70 ಸಾವಿರದ ಹತ್ತಿರ ಎಸ್ಟಿಮೇಟ್ ಕೊಟ್ಟಿದ್ದಾರೆ. ಹೋಗಿರುವ ಇಸಿಯು ಬಿಸಿಲು ಬಂದಾಗ ಹೇಗೆ ಮಾರಾಯ್ರೆ ಬದುಕುತ್ತದೆ? ತಿಳಿದವರು ಹೇಳಿ.

ಗೇರ್_ಗಿರಿ

ಮೊದಲು ಬ್ಯಾಟರಿ ನೋಡಿ. 2019ರ ಗಾಡಿ ಅಂದರೆ ಬ್ಯಾಟರಿ ಒಮ್ಮೆಯಾದರೂ ಬದಲಾಗಿರಬೇಕು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಜಾಸ್ತಿ ಕುಸಿದರೆ ಒಂದೊಂದೇ ಕಂಟ್ರೋಲ್ ಯುನಿಟ್ ಆಫ್ ಆಗಿ ಆನ್ ಆಗುತ್ತವೆ, ಆಗ ಇಂಥ ಯು ಕೋಡ್ ರಾಶಿ ರಾಶಿ ಬೀಳುತ್ತವೆ. ಬ್ಯಾಟರಿ ಟರ್ಮಿನಲ್ ಬಿಗಿ ಮಾಡಿ, ಬಾಡಿ ಅರ್ತ್ ಒಮ್ಮೆ ಬಿಚ್ಚಿ ಉಜ್ಜಿ ಹಾಕಿ. ಅರ್ಧ ಕಾಯಿಲೆ ಅಲ್ಲೇ ಹೋಗುತ್ತದೆ.

ವೈರ್_ಕಟ್ಟರ್

ಗಿರಿ ಹೇಳಿದ್ದು ಮೊದಲು ನೋಡಬೇಕಾದದ್ದೇ, ಖರ್ಚೂ ಇಲ್ಲ. ಆದರೆ ಬ್ಯಾಟರಿ ಸಮಸ್ಯೆ ಓಡುತ್ತಿರುವಾಗ ಬರುವುದು ಕಡಿಮೆ, ಆಗ ಆಲ್ಟರ್ನೇಟರ್ ಕರೆಂಟ್ ಕೊಡುತ್ತಿರುತ್ತದೆ. ಇಲ್ಲಿ ಓಡುವಾಗಲೇ, ಅದೂ ಮಳೆಗೆ ಬರುತ್ತಿದೆ. ನನ್ನ ಅನುಮಾನ ವೈರಿಂಗ್ ಮೇಲೆ.

ನಾನು ಶಿವಮೊಗ್ಗದಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಯು ಕೋಡ್ ನೋಡಿದ ತಕ್ಷಣ ಇಸಿಯು ಹೋಗಿದೆ ಅನ್ನುವುದು ಈಗಿನ ದೊಡ್ಡ ಕೆಟ್ಟ ಚಾಳಿ. ಯು0100 ಅಂದರೆ "ಇಂಜಿನ್ ಇಸಿಯು ಕೆಟ್ಟಿದೆ" ಅಂತಲ್ಲ. "ಇಂಜಿನ್ ಇಸಿಯು ಕಡೆಯಿಂದ ನನಗೆ ಮಾತು ಕೇಳುತ್ತಿಲ್ಲ" ಅಂತ ಬೇರೆ ಯಾವುದೋ ಯುನಿಟ್ ಹೇಳುತ್ತಿದೆ ಅಷ್ಟೇ. ಯು0121 ಅಂದರೆ ಎಬಿಎಸ್ ಯುನಿಟ್ ಬಗ್ಗೆ ಅದೇ ದೂರು. ಒಂದೇ ಪಡಸಾಲೆಯಲ್ಲಿ ಕೂತು ಮಾತಾಡುವ ಮನೆಮಂದಿ ಅಂದುಕೊಳ್ಳಿ. ಒಬ್ಬನ ದನಿ ಕೇಳದಿದ್ದರೆ ಉಳಿದವರು ಅವನು ಸುಮ್ಮನಾದ ಅಂತ ಮಾತ್ರ ಹೇಳಬಲ್ಲರು, ಅವನಿಗೆ ಗಂಟಲು ಕಟ್ಟಿದೆಯೋ ಮಧ್ಯದ ಬಾಗಿಲು ಮುಚ್ಚಿದೆಯೋ ಅವರಿಗೆ ಗೊತ್ತಿಲ್ಲ.

ಹಾಗಾಗಿ ನಿಮಗೆ ಎರಡು ಪ್ರಶ್ನೆ. ಈ ಕೋಡ್‌ಗಳು *ಯಾವ ಯುನಿಟ್ ಒಳಗೆ* ಸಿಕ್ಕವು? ಸಮಸ್ಯೆ ಇರುವಾಗ ಸ್ಕ್ಯಾನರ್‌ಗೆ ಯಾರ್ಯಾರು ಉತ್ತರ ಕೊಡುತ್ತಾರೆ, ಯಾರ್ಯಾರು ಕೊಡಲ್ಲ? ಸರ್ವಿಸ್‌ನವರ ಪ್ರಿಂಟ್ ಇದ್ದರೆ ನೋಡಿ.

ಸುಮ್ನೆ_ಓದುಗ

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಡಾಂಗಲ್ ಹಾಕಿ ಫೋನಲ್ಲೇ ನೋಡಬಹುದಲ್ವಾ? ನನ್ನ ಹತ್ತಿರ ಒಂದಿದೆ.

ವೈರ್_ಕಟ್ಟರ್

ಇದಕ್ಕೆ ಅದು ಸಾಲದು. ಸಾಮಾನ್ಯ ಆ್ಯಪ್‌ಗಳು ಕೇಳುವುದು ಇಂಜಿನ್ ಮತ್ತು ಹೊಗೆಗೆ ಸಂಬಂಧಿಸಿದ ಮಾಹಿತಿ ಮಾತ್ರ. ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್, ಬಾಡಿ ಕಂಟ್ರೋಲ್ ಇವುಗಳ ಒಳಗಿನ ಕೋಡ್ ಓದಲು ಎಲ್ಲ ಯುನಿಟ್ ಓದುವ ಮಲ್ಟಿಬ್ರಾಂಡ್ ಸ್ಕ್ಯಾನರ್ ಬೇಕು. ಇಲ್ಲಿ ಇಂಜಿನ್ ಇಸಿಯುವೇ ಉತ್ತರ ಕೊಡದಿದ್ದಾಗ ಡಾಂಗಲ್ "ಕನೆಕ್ಟ್ ಆಗಲಿಲ್ಲ" ಅಂತ ಹೇಳಿ ಸುಮ್ನಾಗುತ್ತದೆ. ಅಂದಹಾಗೆ ಆ ಡಾಂಗಲ್ ಯಾವಾಗಲೂ ಸಿಕ್ಕಿಸಿ ಇಡಬೇಡಿ. ಕಾರು ನಿಂತಿದ್ದಾಗಲೂ ಬ್ಯಾಟರಿ ತಿನ್ನುತ್ತಿರುತ್ತದೆ.

ಮಲೆನಾಡ_ಡೀಸೆಲ್

ಅಣ್ಣ, ಪ್ರಿಂಟ್ ಕೊಟ್ಟಿಲ್ಲ. ಆದರೆ ತೀರ್ಥಹಳ್ಳಿಯ ಗೆಳೆಯರೊಬ್ಬರ ಗ್ಯಾರೇಜಿನಲ್ಲಿ ಒಳ್ಳೆಯ ಸ್ಕ್ಯಾನರ್ ಇದೆ. ಮಳೆ ಹೊಯ್ಯುತ್ತಿರುವಾಗ, ದೀಪ ಎಲ್ಲ ಉರಿಯುತ್ತಿರುವಾಗಲೇ ಕರೆಸಿ ಸ್ಕ್ಯಾನ್ ಮಾಡಿಸಿದೆ.

ಉತ್ತರ ಕೊಟ್ಟವರು: ಏರ್‌ಬ್ಯಾಗ್, ಪವರ್ ಸ್ಟೀರಿಂಗ್, ಬಾಡಿ ಕಂಟ್ರೋಲ್, ಮೀಟರ್ ಕನ್ಸೋಲ್. ಈ ನಾಲ್ಕರ ಒಳಗೂ ಯು0100 ಅಥವಾ ಯು0121, ಇಲ್ಲವೇ ಎರಡೂ.

ಉತ್ತರವೇ ಇಲ್ಲದವರು: ಇಂಜಿನ್ ಇಸಿಯು, ಎಬಿಎಸ್.

ಆಮೇಲೆ ಬಿಸಿಲು ಬಿದ್ದು ಗಾಡಿ ಸರಿಯಾದಾಗ ಮತ್ತೆ ಹಾಕಿದೆವು. ಆಗ ಇಂಜಿನ್, ಎಬಿಎಸ್ ಎರಡೂ ಸಿಕ್ಕವು. ಅವುಗಳ ಒಳಗೆ ಯು0140, ಯು0155 ಇದ್ದವು. ಅಂದರೆ ಬಾಡಿ ಕಂಟ್ರೋಲ್ ಮತ್ತು ಮೀಟರ್ ಕನ್ಸೋಲ್ ಬಗ್ಗೆ ದೂರು, ಅಲ್ವಾ?

ವೈರ್_ಕಟ್ಟರ್

ಅರ್ಧ ಕೆಲಸ ನೀವೇ ಮುಗಿಸಿದಿರಿ.

ಒಂದು ಹಾಳೆ ತೆಗೆದುಕೊಂಡು ಎರಡು ಗುಂಪು ಬರೆಯಿರಿ. ಬಾನೆಟ್ ಕಡೆಯ ಗುಂಪಿನಲ್ಲಿ ಇಂಜಿನ್, ಎಬಿಎಸ್. ಒಳಗಿನ ಗುಂಪಿನಲ್ಲಿ ಸ್ಟೀರಿಂಗ್, ಏರ್‌ಬ್ಯಾಗ್, ಬಾಡಿ, ಮೀಟರ್. ಒಳಗಿನವರು ಹೊರಗಿನವರ ಬಗ್ಗೆ ದೂರುತ್ತಿದ್ದಾರೆ, ಹೊರಗಿನವರು ಒಳಗಿನವರ ಬಗ್ಗೆ. ಆದರೆ ಏರ್‌ಬ್ಯಾಗ್‌ಗೆ ಮೀಟರ್ ಬಗ್ಗೆ ದೂರಿಲ್ಲ, ಇಂಜಿನ್‌ಗೆ ಎಬಿಎಸ್ ಬಗ್ಗೆ ದೂರಿಲ್ಲ. ಇಸಿಯು ಒಂದೇ ಸತ್ತಿದ್ದರೆ ಎಬಿಎಸ್ ಯಾಕೆ ಕಾಣೆಯಾಗಬೇಕಿತ್ತು? ಎಬಿಎಸ್ ಹೋಗಿದ್ದರೆ ಇಂಜಿನ್ ಯಾಕೆ? ಎರಡೂ ಯುನಿಟ್ ಒಟ್ಟಿಗೆ ಸತ್ತು ಬಿಸಿಲಿಗೆ ಒಟ್ಟಿಗೆ ಎದ್ದು ಕೂರುವುದು ಉಂಟಾ! ಎರಡು ಗುಂಪಿನ ಮಧ್ಯೆ ಎಲ್ಲೋ ತಂತಿ ಕಟ್ ಆಗುತ್ತಿದೆ. ವೈರ್ ಆಗಿರಬಹುದು, ವೈರ್‌ಗಳನ್ನು ಸೇರಿಸುವ ಕಪ್ಲರ್ ಆಗಿರಬಹುದು.

ನಿಮ್ಮ ಉಳಿದ ಲಕ್ಷಣಗಳೂ ಇದಕ್ಕೇ ಹೊಂದುತ್ತವೆ. ಆರ್‌ಪಿಎಂ ಲೆಕ್ಕ ಇಂಜಿನ್ ಇಸಿಯುವಿನಿಂದ ಬರಬೇಕು, ಸ್ಪೀಡು ಎಬಿಎಸ್‌ನಿಂದ ಬರಬೇಕು, ಎರಡೂ ಮೀಟರ್‌ಗೆ ತಲುಪುತ್ತಿಲ್ಲ, ಮುಳ್ಳು ಬಿತ್ತು. ಸ್ಟೀರಿಂಗ್‌ಗೆ ಸ್ಪೀಡು ಗೊತ್ತಾಗುತ್ತಿಲ್ಲ, ಜೋರಾಗಿ ಓಡುತ್ತಿದ್ದೇವೆ ಅಂದುಕೊಂಡು ಸಹಾಯ ಕಡಿಮೆ ಮಾಡಿತು, ಬಿಗಿಯಾಯಿತು. ಇಂಜಿನ್ ಓಡಲು ಬೇಕಾದ ಸೆನ್ಸರ್ ಎಲ್ಲ ನೇರವಾಗಿ ಇಸಿಯುಗೇ ಬರುತ್ತವೆ, ಹಾಗಾಗಿ ಅದು ಓಡುತ್ತದೆ. ಆದರೆ ಸ್ಟಾರ್ಟ್ ಮಾಡುವಾಗ ಕೀ ಸರಿ ಇದೆ ಅಂತ ಬಾಡಿ ಕಡೆಯಿಂದ ಇಸಿಯುಗೆ ಒಪ್ಪಿಗೆ ಬರಬೇಕು. ಅದು ಬರದಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಜರ್ ಬಿಡಲ್ಲ. ಅದಕ್ಕೇ ಆ ಕೀ ದೀಪ.

ಸದ್ಯಕ್ಕೆ 70 ಸಾವಿರ ಜೇಬಲ್ಲೇ ಇರಲಿ. ಒಂದು ಮಲ್ಟಿಮೀಟರ್ ತನ್ನಿ.

ಬಿಟ್_ಬೈಟ್_ಬೆಂಗಳೂರು

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾನು ಕಂಟ್ರೋಲ್ ಯುನಿಟ್‌ಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದೇನೆ, ಸ್ಪ್ಯಾನರ್ ಹಿಡಿದು ಅಭ್ಯಾಸ ಕಡಿಮೆ. ಒಳಗೆ ಏನು ನಡೆಯುತ್ತದೆ ಅಂತ ಹೇಳಿದರೆ ಮೀಟರ್ ರೀಡಿಂಗ್ ಅರ್ಥವಾಗುವುದು ಸುಲಭ.

ಇದು ಕ್ಯಾನ್ ಬಸ್, ಅಂದರೆ ಎಲ್ಲ ಯುನಿಟ್‌ಗಳೂ ಹಂಚಿಕೊಂಡು ಮಾತಾಡುವ ತಂತಿ. ಬಾಷ್ ಕಂಪನಿ 1983ರಲ್ಲಿ ಕೆಲಸ ಶುರು ಮಾಡಿ 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಎಂಜಿನಿಯರುಗಳ ಸಮ್ಮೇಳನದಲ್ಲಿ ಹೊರಗಿಟ್ಟಿದ್ದು. ಅದಕ್ಕೆ ಮೊದಲು ಒಂದೊಂದು ಮಾಹಿತಿಗೂ ಒಂದೊಂದು ತಂತಿ ಎಳೆಯಬೇಕಿತ್ತು. ಈಗ ಒಂದಕ್ಕೊಂದು ಹೆಣೆದ ಎರಡೇ ತಂತಿ, ಕ್ಯಾನ್ ಹೈ ಮತ್ತು ಕ್ಯಾನ್ ಲೋ. ಎಲ್ಲ ಯುನಿಟ್‌ಗಳೂ ಅದೇ ಎರಡಕ್ಕೆ ತಗಲಿಕೊಂಡಿರುತ್ತವೆ. ಯಾರೂ ಮಾತಾಡದಿದ್ದಾಗ ಎರಡೂ ತಂತಿ ಸುಮಾರು 2.5 ವೋಲ್ಟ್‌ನಲ್ಲಿ ಇರುತ್ತವೆ. ಮಾತಾಡುವಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಕೇಳುವವರು ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಹೊರಗಿನ ಗದ್ದಲ ಎರಡೂ ತಂತಿಗೆ ಒಂದೇ ಸಮ ಬೀಳುವುದರಿಂದ ವ್ಯತ್ಯಾಸ ಕೆಡಲ್ಲ. ಹೆಣೆಯುವುದು ಅದಕ್ಕೇ.

ಸೆಕೆಂಡಿಗೆ 5 ಲಕ್ಷ ಬಿಟ್ ಓಡುವ ವೇಗದಲ್ಲಿ ಸಿಗ್ನಲ್ ತಂತಿಯ ತುದಿಗೆ ಬಡಿದು ವಾಪಸ್ ಬರುತ್ತದೆ. ಅದನ್ನು ತಡೆಯಲು ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಇಡುತ್ತಾರೆ. ಸಾಮಾನ್ಯವಾಗಿ ಒಂದು ಇಂಜಿನ್ ಇಸಿಯು ಒಳಗೆ, ಇನ್ನೊಂದು ಬಾಡಿ ಕಂಟ್ರೋಲ್ ಅಥವಾ ಮೀಟರ್ ಒಳಗೆ ಇರುತ್ತದೆ. ಎರಡು 120 ಪ್ಯಾರಲಲ್ ಆದರೆ, ಅಂದರೆ ಎರಡೂ ಅದೇ ಹೈ, ಲೋ ನಡುವೆ ಸೇರಿದರೆ, ಒಟ್ಟು 60. ಇಡೀ ಪರೀಕ್ಷೆಯ ಜೀವ ಈ 60ರಲ್ಲಿದೆ.

ಇನ್ನೊಂದು. ಪ್ರತಿ ಯುನಿಟ್ಟೂ ತನ್ನ ಮೆಸೇಜನ್ನು ಗೊತ್ತಾದ ಅಂತರದಲ್ಲಿ ಕಳಿಸುತ್ತಲೇ ಇರಬೇಕು, 10 ಮಿಲಿಸೆಕೆಂಡಿಗೊಮ್ಮೆ, 100 ಮಿಲಿಸೆಕೆಂಡಿಗೊಮ್ಮೆ, ಹೀಗೆ. ಇಷ್ಟು ಹೊತ್ತು ಬರದಿದ್ದರೆ ಯು ಕೋಡ್ ಹಾಕು ಅಂತ ನಾವೇ ಬರೆದಿಟ್ಟಿರುತ್ತೇವೆ. ವೈರ್_ಕಟ್ಟರ್ ಹೇಳಿದ್ದು ಪೂರ್ತಿ ನಿಜ, ನಮ್ಮ ಕೋಡ್‌ಗೆ ಕಾರಣ ಗೊತ್ತೇ ಇರಲ್ಲ, ಟೈಮ್ ಮುಗಿದಿದ್ದು ಮಾತ್ರ ಗೊತ್ತು.

ಮಲೆನಾಡ_ಡೀಸೆಲ್

ಮಲ್ಟಿಮೀಟರ್ ಸಿಕ್ಕಿತು. ಎಲ್ಲಿ ಹಿಡಿಯಬೇಕು?

ವೈರ್_ಕಟ್ಟರ್

ಡ್ರೈವರ್ ಕಾಲಿನ ಮೇಲ್ಗಡೆ ಸ್ಕ್ಯಾನರ್ ಹಾಕುವ 16 ಪಿನ್ ಸಾಕೆಟ್ ಇದೆಯಲ್ಲ, ಅಲ್ಲೇ. 6ನೇ ಪಿನ್ ಕ್ಯಾನ್ ಹೈ, 14ನೇ ಪಿನ್ ಕ್ಯಾನ್ ಲೋ. 4 ಮತ್ತು 5 ಅರ್ತ್, 16 ಬ್ಯಾಟರಿ. ಪಿನ್ ನಂಬರ್ ಸಾಕೆಟ್ ಮೇಲೇ ಸಣ್ಣದಾಗಿ ಬರೆದಿರುತ್ತಾರೆ, ಟಾರ್ಚ್ ಹಾಕಿ ನೋಡಿ. ಮೀಟರಿನ ದಪ್ಪ ಮುಳ್ಳನ್ನು ಒಳಗೆ ತುರುಕಿ ಪಿನ್ ಅಗಲ ಮಾಡಬೇಡಿ, ತೆಳ್ಳಗಿನ ಪಿನ್ ಬಳಸಿ.

ಓಮ್ ಅಳೆಯುವ ಮೊದಲು ಕೀ ತೆಗೆದು ಬ್ಯಾಟರಿ ನೆಗೆಟಿವ್ ಬಿಚ್ಚಿ, ಕೆಲವು ನಿಮಿಷ ಬಿಡಿ. ಇದನ್ನು ತಪ್ಪಿಸಬೇಡಿ. ತಂತಿಯಲ್ಲಿ ವೋಲ್ಟೇಜ್ ಓಡಾಡುತ್ತಿದ್ದರೆ ಮೀಟರ್ ಬಾಯಿಗೆ ಬಂದ ಸಂಖ್ಯೆ ತೋರಿಸುತ್ತದೆ, ಮೈನಸ್ ಕೂಡ ತೋರಿಸಿದ್ದು ನೋಡಿದ್ದೇನೆ.

60ರ ಆಸುಪಾಸು ಬಂದರೆ ಎರಡೂ ತುದಿ ತಲುಪುತ್ತಿವೆ. 120 ಬಂದರೆ ಒಂದೇ ತುದಿ ಸಿಗುತ್ತಿದೆ, ಎಲ್ಲೋ ಕಟ್. ಸೊನ್ನೆಗೆ ಹತ್ತಿರ ಬಂದರೆ ಹೈ, ಲೋ ಒಂದಕ್ಕೊಂದು ತಗಲಿವೆ. ಅದು ಬೇರೆಯೇ ಕಥೆ, ಆಗ ಇಡೀ ಬಸ್ ಮಲಗಿಬಿಡುತ್ತದೆ, ಯಾರೂ ಸಿಗಲ್ಲ.

ನಿಮ್ಮ ಗಾಡಿ ಈಗ ಒಣಗಿದ್ದರೆ 60 ಬರುತ್ತದೆ. ಅಷ್ಟಕ್ಕೇ ಖುಷಿ ಪಡಬೇಡಿ. ಮೀಟರ್ ಹಾಗೇ ಸಿಕ್ಕಿಸಿಟ್ಟು ಇನ್ನೊಬ್ಬರ ಕೈಲಿ ವೈರಿಂಗ್ ಕಿಟ್ ಅಲ್ಲಾಡಿಸಿಸಿ. ಫೈರ್‌ವಾಲ್ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ದಾಟುವ ರಬ್ಬರ್ ಹತ್ತಿರ, ಡ್ಯಾಶ್‌ಬೋರ್ಡ್ ಕೆಳಗೆ, ಎಡಗಡೆ ಪ್ಯಾಸೆಂಜರ್ ಕಾಲಿನ ಪಕ್ಕ. ಯಾವ ಜಾಗ ಮುಟ್ಟಿದಾಗ ಸಂಖ್ಯೆ ಜಿಗಿಯುತ್ತದೆ ನೋಡಿ.

ಗೇರ್_ಗಿರಿ

ಇಷ್ಟೆಲ್ಲ ಬ್ಯಾಟರಿ ಬಿಚ್ಚಿ ಮಾಡುವುದಕ್ಕಿಂತ ಕೀ ಆನ್ ಮಾಡಿ ವೋಲ್ಟೇಜ್ ನೋಡಿದರೆ ಸಾಕಲ್ವಾ? ನಮ್ಮಲ್ಲಿ ಹಾಗೇ ನೋಡುತ್ತೇವೆ.

ವೈರ್_ಕಟ್ಟರ್

ಅದೂ ನೋಡಬೇಕು, ಆದರೆ ಅದು ಹೇಳುವುದು ಬೇರೆ ವಿಷಯ. ಕೀ ಆನ್ ಇದ್ದಾಗ 6ನೇ ಪಿನ್‌ನಿಂದ ಅರ್ತ್‌ಗೆ 2.6, 2.7 ಹೀಗೆ ಬರಬೇಕು. 14ನೇ ಪಿನ್‌ಗೆ 2.3, 2.4 ಹೀಗೆ. ಎರಡನ್ನೂ ಕೂಡಿದರೆ 5ರ ಹತ್ತಿರ. ಮೀಟರ್ ನಿಧಾನ, ಸರಾಸರಿ ಮಾತ್ರ ತೋರಿಸುತ್ತದೆ, ಅದಕ್ಕೇ 3.5 ಯಾವತ್ತೂ ಕಾಣಿಸಲ್ಲ. ಒಂದು ತಂತಿ ಸೊನ್ನೆಗೆ ಇಳಿದಿದ್ದರೆ ಅರ್ತ್ ಆಗಿದೆ. 12ರ ಕಡೆಗೆ ಏರಿದ್ದರೆ ಬ್ಯಾಟರಿ ವೈರಿಗೆ ತಗಲಿದೆ. ಎರಡೂ ಒಂದೇ ಸಂಖ್ಯೆ ಇದ್ದರೆ ಪರಸ್ಪರ ಶಾರ್ಟ್ ಆಗಿರಬಹುದು, ಅಥವಾ ಯಾರೂ ಮಾತಾಡುತ್ತಿಲ್ಲ. ಶಾರ್ಟ್ ಹುಡುಕಲು ವೋಲ್ಟೇಜ್ ಒಳ್ಳೆಯದು, ಕಟ್ ಹುಡುಕಲು ಓಮ್. ಇಲ್ಲಿ ನಮಗೆ ಅನುಮಾನ ಕಟ್ ಮೇಲೆ.

ಶಾರ್ಜಾ_ಕನ್ನಡಿಗ

ಒಳ್ಳೆಯ ಚರ್ಚೆ. ನಾನು ಶಾರ್ಜಾದ ಗ್ಯಾರೇಜೊಂದರಲ್ಲಿದ್ದೇನೆ, ಊರು ಭಟ್ಕಳ ಕಡೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಹೊಸ ಗಾಡಿಗಳಲ್ಲಿ 6 ಮತ್ತು 14ನೇ ಪಿನ್ ನೇರವಾಗಿ ಇಂಜಿನ್ ಬಸ್ಸಿಗೆ ಹೋಗಲ್ಲ, ಮಧ್ಯೆ ಮೆಸೇಜ್ ದಾಟಿಸುವ ಗೇಟ್‌ವೇ ಯುನಿಟ್ ಕೂತಿರುತ್ತದೆ. ಸಾಕೆಟ್‌ನಲ್ಲಿ 60 ಬಂತು ಅಂದರೆ ಸಾಕೆಟ್‌ನಿಂದ ಗೇಟ್‌ವೇವರೆಗಿನ ತಂತಿ ಸರಿ ಇದೆ ಅಂತಷ್ಟೇ. ಹಿಂದೆ ಇರುವ ಮೂರು ನಾಲ್ಕು ಬಸ್‌ಗಳ ಬಗ್ಗೆ ಅದು ಒಂದಕ್ಷರ ಹೇಳಲ್ಲ. ಜೀಪ್, ಡಾಡ್ಜ್‌ಗಳಲ್ಲಿ 2018ರ ಸುಮಾರಿನಿಂದ ಇನ್ನೂ ಬಿಗಿ, ಅನುಮತಿ ಇಲ್ಲದ ಸ್ಕ್ಯಾನರ್‌ನಿಂದ ಕೋಡ್ ಅಳಿಸಲೂ ಬಿಡಲ್ಲ. ಆದ್ದರಿಂದ ವೈರಿಂಗ್ ನಕ್ಷೆ ನೋಡದೆ 60, 60 ಅಂತ ಮಂತ್ರ ಹೇಳಬಾರದು.

ಇಲ್ಲಿ 2024ರ ಏಪ್ರಿಲ್ ಮಳೆಯಲ್ಲಿ ಎಷ್ಟೋ ಗಾಡಿ ಮುಳುಗಿದವು. ಹೊರಗಿನಿಂದ ತೊಳೆದು ಪಾಲಿಶ್ ಮಾಡಿದ್ದು ಫಳಫಳ. ಕಾರ್ಪೆಟ್ ಎತ್ತಿದರೆ ಕಪ್ಲರ್ ಪಿನ್ ಎಲ್ಲ ಹಸಿರು. ತಾಮ್ರದ ತಂತಿಯೊಳಗೆ ಎಳೆಗಳ ಸಂದಿನಲ್ಲಿ ನೀರು ತಾನಾಗಿ ಮುಂದಕ್ಕೆ ಹತ್ತಿಕೊಂಡು ಹೋಗುತ್ತದೆ. ಹಾಗಾಗಿ ನೀರು ನಿಂತ ಜಾಗ ಒಂದು, ಕಿಲುಬು ಕಾಣಿಸುವ ಜಾಗ ಇನ್ನೊಂದು ಆಗಬಹುದು.

ವೈರ್_ಕಟ್ಟರ್

ಗೇಟ್‌ವೇ ಮಾತು ಸರಿ. ಈ ಗಾಡಿಯ ನಕ್ಷೆ ನನ್ನ ಹತ್ತಿರ ಇದೆ. ಸಾಕೆಟ್ ನೇರ ಬಸ್ಸಿಗೇ ಹೋಗುತ್ತದೆ, ಒಳಗಿನ ಗುಂಪಿನ ಕಡೆ. ಚಿಂತೆ ಇಲ್ಲ.

ಹಳದಿ_ಬೋರ್ಡ್

ನಡುವೆ ನನ್ನದೂ ಒಂದು ಪ್ರಶ್ನೆ, ಬೇರೆ ಥ್ರೆಡ್ ತೆರೆಯಲು ಸೋಮಾರಿತನ. ಮೈಸೂರಿನಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ನಿಮ್ಮ ಮಾತು ನೋಡಿ ನಾನೂ 6 ಮತ್ತು 14ರಲ್ಲಿ ಅಳೆದೆ, ಬ್ಯಾಟರಿ ಬಿಚ್ಚಿಯೇ ಅಳೆದೆ. 40 ಓಮ್ ಬರುತ್ತಿದೆ. 60ಕ್ಕಿಂತ ಕಡಿಮೆ ಅಂದರೆ ಇನ್ನೂ ಒಳ್ಳೆಯದಾ? ಆಗಾಗ ಏರ್‌ಬ್ಯಾಗ್ ದೀಪ ಬಂದು ಹೋಗುತ್ತದೆ.

ಬಿಟ್_ಬೈಟ್_ಬೆಂಗಳೂರು

ಒಳ್ಳೆಯದಲ್ಲ. ಮೂರು 120 ಪ್ಯಾರಲಲ್ ಆದರೆ ಸರಿಯಾಗಿ 40. ನಿಮ್ಮ ಬಸ್ಸಿಗೆ ಯಾರೋ ಮೂರನೆಯ ರೆಸಿಸ್ಟರ್ ಸೇರಿಸಿದ್ದಾರೆ. ಹೊರಗಿನಿಂದ ಏನಾದರೂ ಹಾಕಿಸಿದ್ದೀರಾ? ಆಂಡ್ರಾಯ್ಡ್ ಸ್ಟೀರಿಯೋ, ಅಲಾರಂ, ಟ್ರ್ಯಾಕರ್?

ಹಳದಿ_ಬೋರ್ಡ್

ಎರಡೂ ಇದೆ. ಹಳದಿ ಬೋರ್ಡ್‌ಗೆ ಕಡ್ಡಾಯವಾದ ಜಿಪಿಎಸ್ ಟ್ರ್ಯಾಕರ್ ಇದೆ, ಆಮೇಲೆ ಹಾಕಿಸಿದ ದೊಡ್ಡ ಸ್ಕ್ರೀನ್ ಸ್ಟೀರಿಯೋ ಇದೆ.

ವೈರ್_ಕಟ್ಟರ್

ಟ್ರ್ಯಾಕರ್ ಸಾಮಾನ್ಯವಾಗಿ ಬ್ಯಾಟರಿ, ಇಗ್ನಿಷನ್, ಅರ್ತ್ ಮೂರೇ ತೆಗೆದುಕೊಳ್ಳುತ್ತದೆ. ನನ್ನ ಕಣ್ಣು ಸ್ಟೀರಿಯೋ ಮೇಲೆ. ಅದರ ಹಿಂದೆ ಬೆಂಕಿಪೊಟ್ಟಣ ಗಾತ್ರದ ಕ್ಯಾನ್ ಬಾಕ್ಸ್ ಅಂತ ಒಂದು ಇರುತ್ತದೆ. ಅದರ ಕಪ್ಲರ್ ಕಳಚಿ ಮತ್ತೆ ಅಳೆಯಿರಿ. ಟ್ರ್ಯಾಕರ್ ಮುಟ್ಟಬೇಡಿ, ಆರ್‌ಟಿಒದಲ್ಲಿ ತಲೆನೋವಾಗುತ್ತದೆ.

ಸುಮ್ನೆ_ಓದುಗ

ಹೊರಗಿನವರು ಬಸ್ಸಿಗೆ ತಂತಿ ಸೇರಿಸಿದರೆ ಏನು ಬೇಕಾದರೂ ಮಾಡಬಹುದಾ ಹಾಗಾದರೆ?

ಬಿಟ್_ಬೈಟ್_ಬೆಂಗಳೂರು

ಹಳೆಯ ವಿನ್ಯಾಸದಲ್ಲಿ ಹೆಚ್ಚುಕಡಿಮೆ ಹೌದು. ಕ್ಯಾನ್ ಮೆಸೇಜಿನಲ್ಲಿ ಇದು ಯಾವ ಮಾಹಿತಿ ಅಂತ ಇರುತ್ತದೆ, ಯಾರು ಕಳಿಸಿದರು ಅನ್ನುವುದಕ್ಕೆ ಸಾಕ್ಷಿ ಇರಲ್ಲ. 2022ರಲ್ಲಿ ಲಂಡನ್ನಿನಲ್ಲಿ ವಾಹನ ಭದ್ರತೆಯ ಸಂಶೋಧಕರೊಬ್ಬರ ಕಾರೇ ಕಳುವಾಯಿತು. ಅದಕ್ಕೆ ಮೊದಲು ಹೆಡ್‌ಲೈಟ್ ಹತ್ತಿರದ ಬಂಪರ್ ಯಾರೋ ಕಿತ್ತಿದ್ದರು, ಪುಂಡರ ಕೆಲಸ ಅಂತ ಅವರು ಅಂದುಕೊಂಡಿದ್ದರು. ಆಮೇಲೆ ಗೊತ್ತಾಗಿದ್ದು, ಕಳ್ಳರು ಹೆಡ್‌ಲೈಟ್ ಕಪ್ಲರ್ ಮೂಲಕ ಕ್ಯಾನ್ ತಂತಿಗೆ ಪೆಟ್ಟಿಗೆಯೊಂದನ್ನು ಸೇರಿಸಿ ಕೀ ಸರಿ ಇದೆ ಅನ್ನುವ ಮೆಸೇಜ್ ತಾವೇ ಕಳಿಸಿದ್ದರು. ಸುಳಿವು ಸಿಕ್ಕಿದ್ದು ಎಲ್ಲಿ ಗೊತ್ತಾ? ಕಾರು ಕಂಪನಿಯ ಆ್ಯಪ್‌ಗೆ ಹೋಗಿದ್ದ ಸಂಪರ್ಕ ತಪ್ಪಿದ ಕೋಡ್‌ಗಳ ರಾಶಿಯಲ್ಲಿ. ಕಳ್ಳರು ತಂತಿ ಬಿಚ್ಚಿ ಬಸ್ ಕೆಡಿಸಿದ್ದು ಅಲ್ಲಿ ದಾಖಲಾಗಿತ್ತು.

ಒಂದು ರಕ್ಷಣೆ ಮೊದಲಿನಿಂದ ಇದೆ, ಆದರೆ ಅದು ಕಳ್ಳರಿಂದ ಅಲ್ಲ, ಕೆಟ್ಟ ಯುನಿಟ್‌ನಿಂದ. ಕಳಿಸುವಾಗ ತಪ್ಪಾದರೆ ಯುನಿಟ್ಟಿನ ಲೆಕ್ಕಕ್ಕೆ 8 ಸೇರುತ್ತದೆ, ಸರಿಯಾಗಿ ಕಳಿಸಿದರೆ 1 ಕಳೆಯುತ್ತದೆ. 255 ದಾಟಿದರೆ ಅದು ತಾನಾಗಿ ಬಸ್‌ನಿಂದ ಹೊರಗೆ ಹೋಗುತ್ತದೆ, ಬಸ್ ಆಫ್ ಅನ್ನುತ್ತೇವೆ. ಒಂದು ಯುನಿಟ್ ಬಂದು ಬಂದು ಹೋಗುತ್ತಿದ್ದರೆ ಇದೂ ಕಾರಣ ಇರಬಹುದು.

ಗೇರ್_ಗಿರಿ

ವಿಷಯ ಲಂಡನ್ ತಲುಪಿತು. ಕೊಪ್ಪದ ಗಾಡಿ ಏನಾಯಿತು?

ಮಲೆನಾಡ_ಡೀಸೆಲ್

ಬಂದೆ ಬಂದೆ. ಕರೆಂಟ್ ಇರಲಿಲ್ಲ, ನೆಟ್ಟೂ ಇರಲಿಲ್ಲ, ಆಷಾಢ ಅಲ್ವಾ.

ಒಣಗಿದ್ದಾಗ 60.3. ಅಣ್ಣ ಹೇಳಿದ ಹಾಗೆ ಮೀಟರ್ ಸಿಕ್ಕಿಸಿಟ್ಟು ತಮ್ಮನ ಕೈಲಿ ಅಲ್ಲಾಡಿಸಿದೆ. ಫೈರ್‌ವಾಲ್ ರಬ್ಬರ್ ಹತ್ತಿರ ಏನೂ ಇಲ್ಲ. ಡ್ಯಾಶ್ ಕೆಳಗೆ ಏನೂ ಇಲ್ಲ. ಎಡಗಡೆ ಪ್ಯಾಸೆಂಜರ್ ಕಾಲಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದು ಅಲ್ಲಿನ ದೊಡ್ಡ ಬಿಳಿ ಕಪ್ಲರ್ ಮುಟ್ಟಿದ ಕೂಡಲೇ 60, 84, 119, ಮತ್ತೆ 60. ತಮ್ಮ ಕೂಗಿದ್ದು ಪಕ್ಕದ ತೋಟಕ್ಕೂ ಕೇಳಿಸಿರಬೇಕು.

ಕಾರ್ಪೆಟ್ ಒತ್ತಿದರೆ ಕೆಳಗೆ ನೀರು ಪಚ್ ಅನ್ನುತ್ತದೆ. ಮೇಲಿನ ಮ್ಯಾಟ್ ಒಣಗಿತ್ತು, ಹಾಗಾಗಿ ಇಷ್ಟು ದಿನ ಗೊತ್ತೇ ಆಗಿಲ್ಲ.

ವೈರ್_ಕಟ್ಟರ್

ಬಾನೆಟ್ ವೈರಿಂಗ್ ಕಿಟ್ ಮತ್ತು ಒಳಗಿನ ಕಿಟ್ ಸೇರುವ ಕಪ್ಲರ್ ಅದು. ಎರಡು ಗುಂಪಿನ ಮಧ್ಯದ ಬಾಗಿಲು. ಕ್ಯಾನ್ ಹೈ ಕೆಟ್ಟಿದೆಯೋ ಲೋ ಕೆಟ್ಟಿದೆಯೋ ಖಚಿತ ಮಾಡಿಕೊಳ್ಳಿ. ಇಂಜಿನ್ ಇಸಿಯು ಕಪ್ಲರ್ ಕಳಚಿ, ಅಲ್ಲಿನ ಹೈ ಪಿನ್‌ನಿಂದ ಸಾಕೆಟ್ 6ಕ್ಕೆ, ಲೋ ಪಿನ್‌ನಿಂದ 14ಕ್ಕೆ ಅಳೆಯಿರಿ. ಎರಡೂ 1 ಓಮ್‌ಗಿಂತ ಕಡಿಮೆ ಇರಬೇಕು. ಅಲ್ಲಾಡಿಸುತ್ತಾ ಅಳೆಯಿರಿ.

ನೀರು ಎಲ್ಲಿಂದ ಬರುತ್ತಿದೆ ಅನ್ನುವುದು ಅಷ್ಟೇ ಮುಖ್ಯ. ಎಸಿ ನೀರು ಹೊರಗೆ ಹೋಗುವ ಪೈಪು ಕಟ್ಟಿದ್ದರೆ ಒಳಗೆ ಸುರಿಯುತ್ತದೆ. ಅಥವಾ ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ಒಳಗೆ ಎಲೆ ತುಂಬಿ, ನೀರು ಹೊರಹೋಗುವ ತೂತು ಮುಚ್ಚಿರುತ್ತದೆ. ಗಾಡಿ ಮರದ ಕೆಳಗೆ ನಿಲ್ಲಿಸುತ್ತೀರಾ?

ಮಲೆನಾಡ_ಡೀಸೆಲ್

ಹಲಸಿನ ಮರದ ಕೆಳಗೆ. ಜಾಲರಿ ಬಿಚ್ಚಿದೆ, ಒಳಗೆ ಎಲೆಗೊಬ್ಬರವೇ ತಯಾರಾಗಿದೆ. ಒಂದು ಸಣ್ಣ ಗಿಡ ಕೂಡ ಮೊಳೆತಿತ್ತು, ಸುಳ್ಳಲ್ಲ. ನೀರು ಅಲ್ಲಿ ನಿಂತು ಎಡಗಡೆ ಮೂಲೆಯಿಂದ ಒಳಗೆ ಇಳಿಯುತ್ತಿದೆ. ವೈರಿಂಗ್ ಮೇಲೆ ಜಾರಿಕೊಂಡು ನೇರ ಕಪ್ಲರ್‌ಗೆ.

ಹೈ 0.4 ಓಮ್, ಅಲ್ಲಾಡಿಸಿದರೂ ಬದಲಾಗಲ್ಲ. ಲೋ ಒಮ್ಮೆ 0.6, ಒಮ್ಮೆ ಓಪನ್. ಕಪ್ಲರ್ ಬಿಚ್ಚಿದರೆ ಲೋ ಪಿನ್ ಪೂರ್ತಿ ಹಸಿರು ಕಿಲುಬು, ಪಕ್ಕದ್ದೆರಡಕ್ಕೂ ಸ್ವಲ್ಪ ಹತ್ತಿದೆ. ಇದಕ್ಕೆ ಡಬ್ಲ್ಯುಡಿ-40 ಹೊಡೆದು ಬ್ರಷ್ ಮಾಡಿದರೆ ಸಾಕಾ?

ಗೇರ್_ಗಿರಿ

ಸಾಕು. ನಾನಾದರೆ ಹೊಡೆದು ಉಜ್ಜಿ ಹಾಕಿಬಿಡುತ್ತಿದ್ದೆ. ಪಿನ್ ಬದಲಿಸುವುದಕ್ಕೆ ಎಲ್ಲಿ ಹುಡುಕುತ್ತೀರಿ ಅಲ್ಲಿ.

ಶಾರ್ಜಾ_ಕನ್ನಡಿಗ

ಸಾಲದು. ಈ ಮಳೆಗಾಲ ಹೇಗೋ ಕಳೆಯಬಹುದು, ಮುಂದಿನದು ಕಳೆಯಲ್ಲ. ಕಿಲುಬು ಹತ್ತಿದ ಪಿನ್ ಮೇಲಿನ ಲೇಪ ಹೋಗಿರುತ್ತದೆ, ಉಜ್ಜಿದಷ್ಟೂ ಬೇಗ ಮತ್ತೆ ಹಿಡಿಯುತ್ತದೆ. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು ಒಣಗಿಸಿ, ಹಸಿರಾದ ಪಿನ್ ಹೊಸದು ಹಾಕಿ. ತಂತಿಯ ಸಿಪ್ಪೆ ಸ್ವಲ್ಪ ಸುಲಿದು ತಾಮ್ರ ಕೆಂಪಗಿದೆಯಾ ನೋಡಿ. ಕಪ್ಪಾಗಿದ್ದರೆ ಕೆಂಪು ಸಿಗುವವರೆಗೆ ಕತ್ತರಿಸಿ.

ವೈರ್_ಕಟ್ಟರ್

ಶಾರ್ಜಾ ಅಣ್ಣ ಹೇಳಿದ ಹಾಗೇ ಮಾಡಿ. ಪಿನ್ ಇಲ್ಲಿ ಆಟೋ ಕಾಂಪ್ಲೆಕ್ಸ್‌ನಲ್ಲಿ ಸಿಗುತ್ತದೆ. ಹಳೆಯ ಪಿನ್ ಫೋಟೋ, ಅಗಲ ಕಳಿಸಿ. ಗುಜರಿ ಗಾಡಿಯ ಕಿಟ್‌ನಿಂದ ಕಪ್ಲರ್ ಸಮೇತ ಕತ್ತರಿಸಿ ತಂದರೂ ಆಗುತ್ತದೆ.

ಜೋಡಿಸುವಾಗ ಗಮನ ಇರಲಿ. ಕ್ಯಾನ್ ತಂತಿಗಳ ಹೆಣಿಗೆಯನ್ನು ಎರಡು ಇಂಚಿಗಿಂತ ಜಾಸ್ತಿ ಬಿಚ್ಚಬೇಡಿ, ಜೋಡಿಸಿದ ಮೇಲೆ ಮತ್ತೆ ಹೆಣೆಯಿರಿ. ಹೈ, ಲೋ ಎರಡೂ ಜಾಯಿಂಟ್ ಒಂದೇ ಜಾಗಕ್ಕೆ ಬರದಂತೆ ಸ್ವಲ್ಪ ಹಿಂದೆ ಮುಂದೆ ಮಾಡಿ. ಸುಮ್ನೆ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದರೆ ನಾನು ಮತ್ತೆ ಉತ್ತರ ಕೊಡಲ್ಲ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ. ಕಪ್ಲರ್‌ಗೆ ಹೋಗುವ ಮುಂಚೆ ತಂತಿ ಕೆಳಕ್ಕೆ ಬಾಗಿ ಮೇಲೆ ಹೋಗುವಂತೆ ಕಟ್ಟಿ, ಮತ್ತೆ ನೀರು ಬಂದರೂ ಬಾಗಿದ ಕಡೆ ತೊಟ್ಟಿಕ್ಕುತ್ತದೆ, ಕಪ್ಲರ್‌ಗೆ ಹೋಗಲ್ಲ.

ಅಲ್ಲಿರುವಾಗಲೇ ಅರ್ತ್ ಬೋಲ್ಟ್ ಕೂಡ ನೋಡಿ, ಗಿರಿ ಮೊದಲೇ ಹೇಳಿದ್ದು. ಅದನ್ನು ಓಮ್‌ನಲ್ಲಿ ಅಳೆಯಬೇಡಿ. ತಂತಿಯ ಒಂದೇ ಎಳೆ ಉಳಿದಿದ್ದರೂ ಓಮ್ ಚೆನ್ನಾಗಿ ತೋರಿಸುತ್ತದೆ. ಹೆಡ್‌ಲೈಟ್, ಬ್ಲೋವರ್ ಎಲ್ಲ ಆನ್ ಮಾಡಿ ಬ್ಯಾಟರಿ ನೆಗೆಟಿವ್‌ನಿಂದ ಆ ಬೋಲ್ಟ್‌ಗೆ ವೋಲ್ಟೇಜ್ ನೋಡಿ. 0.1 ವೋಲ್ಟ್ ಒಳಗೆ ಇದ್ದರೆ ಸರಿ.

ಹಳದಿ_ಬೋರ್ಡ್

ಅಣ್ಣ, ಕ್ಯಾನ್ ಬಾಕ್ಸ್ ಕಳಚಿದೆ, 60 ಬಂತು! ಆದರೆ ಈಗ ಸ್ಟೀರಿಂಗ್ ಮೇಲಿನ ವಾಲ್ಯೂಮ್ ಬಟನ್ ಕೆಲಸ ಮಾಡಲ್ಲ. ಗಿರಾಕಿ ಕೂತಾಗ ಕೈ ಚಾಚಿ ಸ್ಕ್ರೀನ್ ಒತ್ತಬೇಕು.

ಮಲೆನಾಡ_ಡೀಸೆಲ್

ಪಿನ್ ಹಾಕಿ ಆಯಿತು. ಶಿವಮೊಗ್ಗದಿಂದ ಬಸ್ಸಿಗೆ ಹಾಕಿ ಕಳಿಸಿದ್ದಕ್ಕೆ ವೈರ್_ಕಟ್ಟರ್ ಅಣ್ಣನಿಗೆ ಒಂದು ಡಬ್ಬಿ ಹಲಸಿನ ಹಪ್ಪಳ ಬಾಕಿ ಇದೆ. ಈಗ 60.1, ಕಪ್ಲರ್ ಹಿಡಿದು ಎಳೆದಾಡಿದರೂ ಅಲ್ಲಾಡಲ್ಲ. ಎಲ್ಲ ಆರೂ ಯುನಿಟ್ ಸ್ಕ್ಯಾನರ್‌ಗೆ ಸಿಗುತ್ತಿವೆ. ಕೋಡ್ ಅಳಿಸಿ ಆಗುಂಬೆ ಘಾಟಿ ಇಳಿದು ಹತ್ತಿ ಬಂದೆ, ಜಡಿಮಳೆ. ಒಂದು ದೀಪವೂ ಇಲ್ಲ. ಪಿನ್, ಹೀಟ್ ಶ್ರಿಂಕ್, ಕ್ಲೀನರ್ ಎಲ್ಲ ಸೇರಿ ಸಾವಿರ ರೂಪಾಯಿಯೂ ದಾಟಿಲ್ಲ. ಕಾರ್ಪೆಟ್ ಒಣಗಿಸುವುದೇ ಈಗ ದೊಡ್ಡ ಕೆಲಸ, ಅಡಿಕೆ ಒಣಗಿಸುವ ಡ್ರೈಯರ್ ಕೋಣೆಯಲ್ಲಿ ಹರವಿದ್ದೇನೆ, ಅಪ್ಪ ಬೈಯುತ್ತಿದ್ದಾರೆ.

ಬಿಟ್_ಬೈಟ್_ಬೆಂಗಳೂರು

ಹಳದಿ_ಬೋರ್ಡ್, ಸ್ಟೀರಿಂಗ್ ಬಟನ್ ಮಾಹಿತಿ ಬಸ್ ಮೇಲೇ ಬರುತ್ತದೆ, ಆ ಬಾಕ್ಸ್ ಅದನ್ನು ಓದಿ ಸ್ಟೀರಿಯೋಗೆ ಹೇಳುತ್ತದೆ. ಹಾಗಾಗಿ ಬಾಕ್ಸ್ ಬೇಕು, ಅದರೊಳಗಿನ ರೆಸಿಸ್ಟರ್ ಬೇಡ. ಬಾಕ್ಸ್ ಬಿಚ್ಚಿ, ಕ್ಯಾನ್ ತಂತಿ ಬರುವ ಕಡೆ ಬೋರ್ಡ್ ಮೇಲೆ 121 ಅಂತ ಬರೆದ ಅಕ್ಕಿಕಾಳಿಗಿಂತ ಚಿಕ್ಕ ರೆಸಿಸ್ಟರ್ ಇದೆಯಾ ನೋಡಿ. 12ರ ಮುಂದೆ ಒಂದು ಸೊನ್ನೆ, ಅಂದರೆ 120 ಓಮ್. ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಅದೊಂದನ್ನು ತೆಗೆಸಿ, ಬಾಕ್ಸ್ ವಾಪಸ್ ಹಾಕಿ, ಬ್ಯಾಟರಿ ಬಿಚ್ಚಿಕೊಂಡೇ ಮತ್ತೆ ಅಳೆಯಿರಿ.

ಹಳದಿ_ಬೋರ್ಡ್

121 ಇದೆ ಗುರು. ನಾಳೆ ದೇವರಾಜ ಅರಸು ರಸ್ತೆ ಕಡೆ ಬಾಡಿಗೆ ಇದೆ, ಹಾಗೇ ತೆಗೆಸಿಕೊಂಡು ಬರುತ್ತೇನೆ. ಅಲ್ಲಿಯವರೆಗೆ ಸ್ಕ್ರೀನೇ ಒತ್ತುತ್ತೇನೆ ಬಿಡಿ.